ಬೇತಮಂಗಲದ ಕೆರೆ ನೋಡಲು ಬರುವವರೇ, ಇದು ಕುಡಿಯುವ ನೀರು

ಹೊಸಕೋಟೆಯಲ್ಲಿ ಚೆನ್ನೈ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಸುಮಾರು 70 ಕಿ.ಮೀ. ದೂರಕ್ಕೆ ಬೇತಮಂಗಲ. 2024ರ ಡಿಸೆಂಬರ್‌ನಲ್ಲಿ ಈ ಭಾಗದಲ್ಲಿ ವಾಹನ ಓಡಾಟ ಶುರುವಾಗುವವರೆಗೆ ಕೆಜಿಎಫ್, ಬಂಗಾರಪೇಟೆಯವರಷ್ಟೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಕೆರೆಯಿದು. ನಾನು ಹೋದ ಭಾನುವಾರ ಏರಿಯ ಮೇಲೆ ಬೆಂಗಳೂರಿನ ಕಾರುಗಳ ಸಾಲೇ ನಿಂತಿತ್ತು. ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿತ್ತು. ಬೆಳ್ಳಕ್ಕಿಗಳು, ರೆಕ್ಕೆ ಒಣಗಿಸುತ್ತ ಕುಳಿತ ನೀರುಕಾಗೆಗಳು, ಆಚೆ ದಡದಲ್ಲಿ ಬಲೆ ಬಿಡಿಸುತ್ತಿದ್ದ ಇಬ್ಬರು. ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ತುಂಬಿದ ಕೆರೆ ಕಂಡರೆ ಎದೆ ತುಂಬುತ್ತದೆ, ನನಗೂ ತುಂಬಿತು. ಆದರೆ ಏರಿಯ ಕಲ್ಲುಗಳ ಸಂದಿಯಲ್ಲಿ ಬಿಯರ್ ಬಾಟಲಿಯ ಚೂರು, ಥರ್ಮಾಕೋಲ್ ತಟ್ಟೆ, ಬಿರಿಯಾನಿ ಪೊಟ್ಟಣ, ಹಿಂದಿನ ಗಣೇಶ ಹಬ್ಬದ ಪ್ಲಾಸ್ಟರ್ ಮೂರ್ತಿಯ ಕೈ ಒಂದು.

ಊರಿನ ಇತಿಹಾಸ ಚಿಕ್ಕದಲ್ಲ. ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣ ವಂಶದ ಅರಸನಿಂದ ಬಂದದ್ದು. ಒಡೆದುಹೋಗಿದ್ದ ದೊಡ್ಡ ಕೆರೆಯನ್ನು 10ನೇ ಶತಮಾನದಲ್ಲಿ, ಇರಿವ ನೊಳಂಬನ ಕಾಲದಲ್ಲಿ, ಮತ್ತೆ ಕಟ್ಟಿದ ಸಂಗತಿ ಶಾಸನದಲ್ಲಿದೆ. ವಿಜಯೇಂದ್ರ ದೇವಾಲಯವೂ ಹಳೆಯದು. ಒಂದು ಕಾಲಕ್ಕೆ ಇದೇ ತಾಲ್ಲೂಕು ಕೇಂದ್ರ. ರೈಲು ಬಂದ ಮೇಲೆ ಆ ಪಟ್ಟ ಬೌರಿಂಗ್‌ಪೇಟೆಗೆ, ಅಂದರೆ ಇಂದಿನ ಬಂಗಾರಪೇಟೆಗೆ ಹೋಯಿತು. ಕೆಜಿಎಫ್‌ನ ಚಿನ್ನದ ಗಣಿಗಳು ಬೆಳೆದಾಗ ಅವುಗಳ ಬಾಯಾರಿಕೆಗೆ ನೀರು ಕೊಟ್ಟದ್ದು ಈ ಕೆರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಕೆಜಿಎಫ್‌ಗೆ ನೀರು ಹೋಗುವುದು ಮುಂದುವರಿಯಿತು.

ಕೆರೆಯ ತೂಬಿನ ಹತ್ತಿರ ಒಬ್ಬ ಹಿರಿಯರು ಸಿಕ್ಕರು. ಉದ್ದ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಪ್ಲಾಸ್ಟಿಕ್ ಚೀಲಗಳನ್ನು ಎಳೆದು ದಡಕ್ಕೆ ಹಾಕುತ್ತಿದ್ದರು. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ಅವರ ತಂದೆ, ತಾತ ಎಲ್ಲರೂ ನೀರುಗಂಟಿಗಳು. ಮಾತು ಶುರುವಾದದ್ದೇ ತಡ, ನಿಲ್ಲಲೇ ಇಲ್ಲ.

“ತಾತ, ಈ ಕೆಲಸಕ್ಕೆ ಸಂಬಳ ಯಾರು ಕೊಡ್ತಾರೆ?” ಎಂದೆ.

“ಸಂಬಳ ಎಲ್ಲಿ ಸಾರ್! ತೂಬಿನ ಬಾಯಿ ಕಟ್ಟಿಕೊಂಡ್ರೆ ಗದ್ದೆಗೆ ನೀರು ಹೋಗಲ್ಲ. ಕೈ ಸುಮ್ನೆ ಇರಲ್ಲ, ಬರ್ತೀನಿ.”

ಕೋಲಾರ ಸೀಮೆಯಲ್ಲಿ ನೀರುಗಂಟಿಯ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳದ್ದು. ತೂಬು ಎತ್ತುವುದು, ಇಳಿಸುವುದು, ಕಾಲುವೆ ಬಳಿಯುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಿ ನೀರು ಜಿನುಗುತ್ತಿದೆ ನೋಡುವುದು. ಜಮೀನುದಾರ ಎಷ್ಟೇ ದೊಡ್ಡವನಾಗಿರಲಿ, ತೂಬಿಗೆ ಕೈ ಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ನೀರುಗಂಟಿಗಳು ಕಣಕ್ಕೆ ಹೋಗಿ ತಮ್ಮ ಪಾಲಿನ ಆಯದ ಕಾಳು ತರುತ್ತಿದ್ದರು. ನೀರು ಕಡಿಮೆಯಾದ ವರ್ಷ ಊರವರು ಕೂತು, ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಬೆಳೆದು ಹಂಚಿಕೊಳ್ಳುವ ದಾಮಾಷ ಪದ್ಧತಿಯೂ ಈ ಸೀಮೆಯಲ್ಲಿತ್ತು. ಕೊಳವೆಬಾವಿ ಬಂದ ಮೇಲೆ ತೂಬಿನ ನೀರಿಗೆ ಕಾಯುವವರು ಕಡಿಮೆಯಾದರು, ಆಯವೂ ನಿಂತಿತು. ತಾತನ ಮಕ್ಕಳಿಗೆ ಬೇರೆ ದುಡಿಮೆ ಇದೆ. ಈ ವಿದ್ಯೆ ತಾತನೊಂದಿಗೇ ಮುಗಿಯುತ್ತದೆ.

ಗಾಜಿನ ಚೂರಿನ ಬಗ್ಗೆ ಅವರಿಗೆ ಸಿಟ್ಟಿದೆ. ಏರಿಯಿಂದ ಎಸೆದ ಬಾಟಲಿ ಒಡೆದು ಕಾಲುವೆಗೆ ಬೀಳುತ್ತದೆ, ಅಲ್ಲಿಂದ ನಾಟಿ ಮಾಡುವ ಹೆಂಗಸರ ಅಂಗಾಲಿಗೆ. ಇನ್ನೊಂದು ದೂರು ಹಳೆಯದು: ನಮ್ಮೂರ ನೀರು ಪೈಪಿನಲ್ಲಿ ಕೆಜಿಎಫ್‌ಗೆ ಹೋಗುವಾಗ ನಾವು ಬೋರ್‌ವೆಲ್ ನೀರಿಗೆ ಕ್ಯೂ ನಿಂತಿದ್ದೆವು ಎನ್ನುತ್ತಾರೆ.

ಕೆರೆಯ ಮೇಲಿನ ಭಾಗದಲ್ಲಿ ಬೇರೆಯೇ ಆತಂಕ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಮೊದಲ ದಿನಗಳಲ್ಲೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಹಳೆಯ ಬೇಡಿಕೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಇಳಿಯುವುದೇ ಈ ಕೆರೆ ಇರುವ ಪಾಲಾರ್ ನದಿ ಕಣಿವೆಯ ರೀತಿ. ಹಾಗಾಗಿ ಈ ಬೇಡಿಕೆ ಪೂರ್ತಿ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಇಲ್ಲಿನ ಏರಿ ಕೆಳಗಿನ ಊರುಗಳಿಗೂ ಸೇರಿದ್ದು. ಪಾಲಾರ್ ಕರ್ನಾಟಕದಲ್ಲಿ 93 ಕಿ.ಮೀ., ಆಂಧ್ರದಲ್ಲಿ 33 ಕಿ.ಮೀ. ಹರಿದು ತಮಿಳುನಾಡಿಗೆ ಇಳಿಯುತ್ತದೆ. 1903ರ ನವೆಂಬರ್‌ನಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು ನದಿ ಉಕ್ಕಿದಾಗ ವಾಣಿಯಂಬಾಡಿಯಲ್ಲಿ ನೂರಾರು ಜನ ಸತ್ತರು. ಅದರ ಸ್ಮಾರಕ ಕಂಬ ಆ ಊರಲ್ಲಿದೆ. ಏರಿಯ ಮೇಲೆ ಕಾರು ಹತ್ತಿಸುವವರು, ಕಲ್ಲು ಕಿತ್ತು ಒಲೆ ಹೂಡುವವರು ಇದನ್ನು ತಿಳಿದಿರಬೇಕು.

ಇದನ್ನು ಬಂದವರಿಗೆ ತಿಳಿಹೇಳುವವರು ಯಾರು ಎಂದು ಯೋಚಿಸುವಾಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ ನೆನಪಾಯಿತು.  ಅಲ್ಲಿ ಹವಳ, ಬಣ್ಣದ ಮೀನು ನೋಡಲು ಜನ ನೀರಿಗಿಳಿಯುತ್ತಾರೆ. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ವಸಾಹತು. ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರೂ ಬೆಳೆಯುವುದಿಲ್ಲ. ದೋಣಿಯ ಲಂಗರು ಬಿದ್ದರೆ, ಕಾಲು ತಗುಲಿದರೆ ದಶಕಗಳ ಬೆಳವಣಿಗೆ ಮುರಿದುಬೀಳುತ್ತದೆ. ಅದಕ್ಕೇ ಮುಳುಗುವ ಮುನ್ನ ಮುಟ್ಟಬೇಡಿ, ನಿಲ್ಲಬೇಡಿ ಎಂದು ಹೇಳಿಕೊಡುವವರು ಪಕ್ಕದಲ್ಲಿರುತ್ತಾರೆ. ಬೇತಮಂಗಲದಲ್ಲಿ ನಾನಿದ್ದಷ್ಟು ಹೊತ್ತು ಹಾಗೆ ಹೇಳುವವರು ಯಾರೂ ಕಾಣಲಿಲ್ಲ, ಕೋಲು ಹಿಡಿದ ಆ ತಾತನೊಬ್ಬರ ಹೊರತು.

ಆಡಳಿತ ದೊಡ್ಡ ಯೋಜನೆಗೆ ಕಾಯಬೇಕಿಲ್ಲ. ಕಾರು ನಿಲ್ಲಿಸಲು ಏರಿಯಿಂದ ದೂರ ಒಂದು ಜಾಗ, ಶೌಚಾಲಯ, ಕಸದ ತೊಟ್ಟಿ, ಮೂರ್ತಿ ವಿಸರ್ಜನೆಗೆ ಬೇರೆ ತೊಟ್ಟಿ, ಭಾನುವಾರವಾದರೂ ಇಬ್ಬರು ಕಾವಲುಗಾರರು. ಆ ಕೆಲಸಕ್ಕೆ ಹಳೆಯ ನೀರುಗಂಟಿ ಮನೆತನದವರನ್ನೇ ಸಂಬಳ ಕೊಟ್ಟು ನೇಮಿಸಲಿ. ಕೆರೆಯನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ.

ಬೆಂಗಳೂರಿನಿಂದ ಹೊರಡುವವರು ಖಂಡಿತ ಬನ್ನಿ. ದೇವಾಲಯ ನೋಡಿ, ಊರಿನ ಹೋಟೆಲಿನಲ್ಲಿ ಊಟ ಮಾಡಿ, ಸಂಜೆ ಏರಿಯ ಮೇಲೆ ನಡೆಯಿರಿ. ಬಾಟಲಿ, ತಟ್ಟೆ, ಚೀಲ ಏನು ತಂದಿರೋ ಅದನ್ನು ಕಾರಿನಲ್ಲೇ ವಾಪಸ್ ಒಯ್ಯಿರಿ. ನೀವು ನೋಡಲು ಬಂದ ಈ ನೀರನ್ನು ಕೆಜಿಎಫ್‌ನಲ್ಲಿ ಜನ ಕುಡಿಯುತ್ತಾರೆ.