ಮದರ್‌ಬೋರ್ಡ್ ಮೊದಲು, ಗ್ರಾಫಿಕ್ಸ್ ಕಾರ್ಡ್ ಆಮೇಲೆ

ಕಬ್ಬಿನ ಬಿಲ್ಲು ಬಂದಿದೆ. ಮಗ ಚೀಟಿ ಹಿಡಿದು ಬರುತ್ತಾನೆ: “ಅವ್ವಾ, ರೆಡಿ ಕಂಪ್ಯೂಟರ್ ಬ್ಯಾಡ, ಬಿಡಿಭಾಗ ತಂದು ಜೋಡಿಸೂಣು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಕ ಬೇಕು!”

ರಾಯಬಾಗದ ಸೋದರಿಯರೇ, ಚೀಟಿ ನೋಡಿ ಗಾಬರಿಯಾಗಬೇಡಿ. ಸೀರೆಯ ಅಂಚು, ಸೆರಗು ತಿರುವಿ ನೋಡಿ ಕೊಳ್ಳುವ ನಿಮಗೆ ಇದೇನೂ ಕಷ್ಟವಲ್ಲ.

ಮೊದಲು ಕೇಳಿ: ಯಾವ ಕೆಲಸಕ್ಕೆ? ಪಾಠ ನೋಡುವುದು, ‘ನುಡಿ’ಯಲ್ಲಿ ಕನ್ನಡ ಟೈಪಿಂಗ್, ಅಂಗಡಿಯ ಲೆಕ್ಕ, ಪ್ರೋಗ್ರಾಮಿಂಗ್ ಕಲಿಕೆ ಇಷ್ಟೇ ಆದರೆ ಬೇರೆ ಕಾರ್ಡ್ ಬೇಕಿಲ್ಲ. ಪ್ರೊಸೆಸರ್‌ನಲ್ಲೇ ಚಿತ್ರ ಮೂಡಿಸುವ ಭಾಗ ಇದ್ದರೆ ಸಾಕು. ದೊಡ್ಡ ಆಟಗಳು, ಭಾರೀ ವಿಡಿಯೋ ಎಡಿಟಿಂಗ್, ತ್ರೀಡಿ ವಿನ್ಯಾಸ ಇವಕ್ಕಷ್ಟೇ ಕಾರ್ಡ್ ಬೇಕಾದೀತು.

ಆದರೆ ಒಂದು ಎಚ್ಚರಿಕೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಅದರೊಳಗೆ ಚಿತ್ರದ ಭಾಗ ಇರುವುದಿಲ್ಲ. ಬೆಲೆ ಸ್ವಲ್ಪ ಕಮ್ಮಿ ಅಂತ ಅದನ್ನೇ ತಂದರೆ ಕಾರ್ಡ್ ಕೊಳ್ಳದೆ ಗತಿಯಿಲ್ಲ. ಎಎಂಡಿಯ ರೈಜೆನ್‌ನಲ್ಲಿ ಕೊನೆಗೆ ‘ಜಿ’ ಇದ್ದರೆ ಆ ಭಾಗ ಒಳಗೇ ಇರುತ್ತದೆ.

ಇನ್ನು ಮದರ್‌ಬೋರ್ಡ್. ಉಳಿದೆಲ್ಲ ಭಾಗಗಳೂ ಇದಕ್ಕೇ ಸೇರಬೇಕು. ಆದ್ದರಿಂದ ಮೂರು ಸಂಗತಿ ಹೊಂದಿಸಿ ನೋಡಿ.

1. ಪ್ರೊಸೆಸರ್ ಕೂರುವ ಸಾಕೆಟ್. ಎಎಂಡಿಯಲ್ಲಿ 2022ರಲ್ಲಿ ಬಂದ ಎಎಂ5ಕ್ಕೆ ಹಳೆಯ ಎಎಂ4 ಪ್ರೊಸೆಸರ್ ಕೂರದು. ಇಂಟೆಲ್‌ನಲ್ಲಿ 2021ರ 1700 ಬೇರೆ, 2024ರ 1851 ಬೇರೆ.

2. ರ‍್ಯಾಮ್. ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚು ಬೇರೆ ಬೇರೆ ಕಡೆ ಇವೆ. ಒಂದರ ಜಾಗದಲ್ಲಿ ಇನ್ನೊಂದು ಹೋಗದು. ನಾಲ್ಕು ಖಾನೆಯ ಬೋರ್ಡ್ ಆದರೆ ಮುಂದೆ ಹೆಚ್ಚಿಸಲು ಅನುಕೂಲ.

3. ಅಳತೆ. ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 ಮಿ.ಮೀ. ಚೌಕ. ಡಬ್ಬಿ, ಅಂದರೆ ಕ್ಯಾಬಿನೆಟ್, ಅದಕ್ಕೆ ತಕ್ಕಂತಿರಲಿ.

ಒಳ್ಳೆಯ ಬೋರ್ಡ್ ಇದ್ದರೆ ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷದ ಬಿಲ್ಲಿಗೂ ಮುಂದೂಡಬಹುದು. ಅದಕ್ಕೆ ಬೇಕಾದ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಖಾನೆ ಬೋರ್ಡಿನಲ್ಲಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಬೋರ್ಡ್ ಬದಲಿಸುವುದೆಂದರೆ ಮಾತ್ರ ಮನೆಯ ಪಾಯ ತೆಗೆದ ಹಾಗೆ, ಎಲ್ಲವನ್ನೂ ಬಿಚ್ಚಬೇಕು.

ಕಾರ್ಡ್ ಕೊಳ್ಳುವ ದಿನ ಅದರ ಉದ್ದ ಡಬ್ಬಿಯಲ್ಲಿ ಹಿಡಿಸುತ್ತದೆಯೇ, ಪವರ್ ಸಪ್ಲೈ ಅಷ್ಟು ವ್ಯಾಟ್ ಕೊಡುತ್ತದೆಯೇ ಎಂದು ಕೇಳಿ. ಸೆಕೆಂಡ್ ಹ್ಯಾಂಡ್ ಅಗ್ಗ ಅಂದರೆ ಜೋಕೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿತು. ಅಲ್ಲಿಯವರೆಗೆ ಆ ನಾಣ್ಯಕ್ಕಾಗಿ ಹಗಲೂ ರಾತ್ರಿ ದುಡಿದ ಕಾರ್ಡುಗಳು ಆಮೇಲೆ ಹಳೇ ಸಾಮಾನಿನ ಪೇಟೆಗೆ ಬಂದವು. ಬಿಲ್ಲು, ವಾರಂಟಿ ಇಲ್ಲದ ಕಾರ್ಡ್ ಬೇಡ.

ಕರೆಂಟು ಹೋಗಿ ಬರುವ ಮನೆಯಲ್ಲಿ ಕಾರ್ಡಿಗಿಂತ ಮುಂಚೆ ಯುಪಿಎಸ್, ಸರಿಯಾದ ಅರ್ಥಿಂಗ್ ಮುಖ್ಯ. ಬೆಳಗಾವಿಯಲ್ಲಿ ಕೊಳ್ಳಿರಿ, ರೈಲು ಹತ್ತಿ ಮಿರಜಕ್ಕೇ ಹೋಗಿರಿ, ಕೆಟ್ಟರೆ ರಿಪೇರಿಗೆ ಎಲ್ಲಿಗೆ ತರಬೇಕೆಂದು ಮೊದಲೇ ಕೇಳಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ.

ಚೀಟಿ ಮಗಳದ್ದಾದರೂ ಇದೇ ಮಾತು. ಆಟ ಬೇಕು ಅಂದ ಮಗನಿಗಿಂತ ಓದಿಗೆ ಬೇಕು ಅಂದ ಮಗಳ ಚೀಟಿಯೇ ಮೊದಲು ಬರಲಿ. ಬಿಲ್ಲನ್ನು ರೇಷನ್ ಕಾರ್ಡಿನ ಜೊತೆಗೇ ಜೋಪಾನವಾಗಿ ಇಡಿ.