ಹಳೆಯ ಟಿಲ್ಲರಿಗೆ ಬೇರೆ ಇಂಜಿನು ಕೂರಿಸುವಾಗ

ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಪವರ್ ಟಿಲ್ಲರೊಂದು ಧೂಳು ಹೊದ್ದು ನಿಂತಿರುವ ಮನೆಗಳು ನಮ್ಮ ಸದಸ್ಯರಲ್ಲಿ ಬಹಳವಿವೆ. ಇಂಜಿನು ಸತ್ತಿದೆ, ಗೇರ್ ಬಾಕ್ಸು ಗಟ್ಟಿಯಾಗಿದೆ. ಗುಜರಿಗೆ ಕೊಡಲು ಮನಸ್ಸು ಬಾರದು, ಹೊಸದನ್ನು ಕೊಳ್ಳಲು ಕೈ ಓಡದು. ಇಂಥ ಗಾಡಿಗೆ ಬೇರೆ ಇಂಜಿನು ಕೂರಿಸಬಹುದೇ ಎಂದು ಕೇಳುವವರಿಗೆ, ಧಾರಾಳವಾಗಿ ಕೂರಿಸಬಹುದು ಎಂದೇ ನನ್ನ ಉತ್ತರ. ಆದರೆ ಬೋಲ್ಟು ಬಿಗಿದು ಇಂಜಿನು ಸ್ಟಾರ್ಟಾದೊಡನೆ ಕೆಲಸ ಮುಗಿಯಿತೆಂದು ತಿಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ತೋಟದ ಇಳಿಜಾರಿನಲ್ಲಿ ಕಂಡಿದ್ದೇನೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಟಿಲ್ಲರು ಮೂಲತಃ ಜಪಾನಿನ ಗದ್ದೆಗಳಿಗಾಗಿ ಹುಟ್ಟಿದ ಯಂತ್ರ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಮಿತ್ಸುಬಿಷಿಯವರ ಸಹಯೋಗದಿಂದಲೂ, ಕೇರಳದ ಅತ್ತಾಣಿಯ ಕಾಮ್ಕೊ 1973ರಲ್ಲಿ ಕುಬೋಟದವರ ಸಹಯೋಗದಿಂದಲೂ ಆರಂಭವಾದವು. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರು ತಿರುಗಲಾರದು, ಟಿಲ್ಲರು ತಿರುಗುತ್ತದೆ. ಗದ್ದೆ ಬಿಟ್ಟವರೂ ಟಿಲ್ಲರು ಬಿಡದಿರಲು ಇದೇ ಕಾರಣ. ಈಗ ಉಳುವುದಕ್ಕಿಂತ ಹೆಚ್ಚಾಗಿ ಅದು ಗೊನೆ, ಗೊಬ್ಬರ, ಕಾಫಿ ಹಣ್ಣು ಹೊರುತ್ತದೆ.

ನಮ್ಮದು 1986ರ ಗಾಡಿ. ಹನ್ನೆರಡು ಅಶ್ವಶಕ್ತಿ, ಒಂದೇ ಸಿಲಿಂಡರಿನ ಅಡ್ಡ ಡೀಸೆಲ್ ಇಂಜಿನು, ನಿಮಿಷಕ್ಕೆ 2000 ಸುತ್ತು. 2019ರ ನವೆಂಬರಿನಲ್ಲಿ ನೀರು ಬತ್ತಿದ್ದನ್ನು ಯಾರೂ ನೋಡದೆ ಓಡಿಸಿ ಪಿಸ್ಟನ್ನು ಕಚ್ಚಿಕೊಂಡಿತು. ಬಿಚ್ಚಿ ನೋಡಿದರೆ ಲೈನರ್ ಮಾತ್ರವಲ್ಲ, ಬ್ಲಾಕೇ ಸೀಳು ಬಿಟ್ಟಿತ್ತು. ಗೊನೆ ಕೊಯ್ಲು, ಕಾಫಿ ಕೊಯ್ಲು ಎರಡೂ ಒಟ್ಟಿಗೆ ಬಂದು ನಿಂತಿದ್ದ ಕಾಲ. ಗೇರ್ ಬಾಕ್ಸಿನ ಎಣ್ಣೆ ಇಳಿಸಿ ನೋಡಿದೆವು. ಲೋಹದ ಚೂರು ಇರಲಿಲ್ಲ. ಯಾವ ಗೇರೂ ಜಾರುತ್ತಿರಲಿಲ್ಲ. ಇಂಜಿನು ಹುಡುಕುವ ಮೊದಲು ಈ ಪರೀಕ್ಷೆ ಆಗಲೇಬೇಕು. ಗೇರು ಜಾರುವ ಗಾಡಿಗೆ ಇಂಜಿನು ಹಾಕುವುದು ಗೆದ್ದಲು ಹಿಡಿದ ಕಂಬಕ್ಕೆ ಹೊಸ ತೊಲೆ ಏರಿಸಿದಂತೆ.

ಗೇರ್ ಬಾಕ್ಸು ಒಡೆದ ಬೇರೊಂದು ಕಂಪೆನಿಯ ಟಿಲ್ಲರಿನ ಇಂಜಿನು ಸಿಕ್ಕಿತು. ಹದಿಮೂರು ಅಶ್ವಶಕ್ತಿ, 2400 ಸುತ್ತು. ಟಿಲ್ಲರಿನಲ್ಲಿ ಇಂಜಿನಿಗೂ ಕ್ಲಚ್ಚಿಗೂ ನಡುವೆ ಇರುವುದು ವಿ-ಬೆಲ್ಟು ಮಾತ್ರ. ಆದ್ದರಿಂದಲೇ ಈ ಕೆಲಸ ಹಳ್ಳಿಯ ಲೇತಿನಲ್ಲಿ ಸಾಧ್ಯ.

ಕೊಳ್ಳುವ ಮೊದಲು ನೋಡಬೇಕಾದದ್ದು ಇಂಜಿನು ತಿರುಗುವ ದಿಕ್ಕು. ಡೀಸೆಲ್ ಇಂಜಿನಿನ ಕ್ಯಾಮು, ಡೀಸೆಲ್ ಪಂಪು ಎಲ್ಲವೂ ಒಂದೇ ದಿಕ್ಕಿಗೆ ಹೊಂದಿಸಿದವು. ನಮಗೆ ಬೇಕಾದಂತೆ ತಿರುಗಿಸಿಕೊಳ್ಳಲು ಬಾರದು. ದಿಕ್ಕು ತಪ್ಪಿದರೆ ಮುಂದಿನ ಗೇರುಗಳೆಲ್ಲ ಹಿಂದಕ್ಕೂ, ಹಿಂದಿನ ಗೇರು ಮುಂದಕ್ಕೂ ಓಡಿಸುತ್ತವೆ. ಇಂಜಿನನ್ನು ಹಿಂದುಮುಂದಾಗಿ ಕೂರಿಸಿದರೆ ದಿಕ್ಕು ಸರಿಹೋದೀತು, ಆದರೆ ಪುಲ್ಲಿ ಕ್ಲಚ್ಚಿನ ಎದುರು ಬದಿಗೆ ಹೋಗುತ್ತದೆ. ಬೆಲ್ಟನ್ನು ಎಂಟರ ಆಕಾರಕ್ಕೆ ಅಡ್ಡ ಹಾಕುವ ಸಲಹೆ ಕೊಡುವವರಿದ್ದಾರೆ. ವಿ-ಬೆಲ್ಟು ಹಾಗೆ ಒಂದಕ್ಕೊಂದು ಉಜ್ಜಿ ಬೇಗ ಹಾಳಾಗುತ್ತದೆ, ಒಪ್ಪಬೇಡಿ. ಹಳೆಯ ಇಂಜಿನಿನ ಫ್ಲೈವೀಲಿನ ಮೇಲೆ ಸೀಮೆಸುಣ್ಣದಿಂದ ಬಾಣ ಬರೆದು, ಹೊಸದನ್ನು ಮಾರುವವನ ಅಂಗಳದಲ್ಲೇ ಸ್ಟಾರ್ಟ್ ಮಾಡಿಸಿ ಹೋಲಿಸಿದರಾಯಿತು.

ಕೂರಿಸುವ ತೂತುಗಳು ಹೊಂದಲಿಲ್ಲ. ಚಾಸಿಯಲ್ಲಿ ಹೊಸ ತೂತು ಕೊರೆಯುವುದು ಬೇಡವೆಂದು ಲೇತಿನ ಮೇಸ್ತ್ರಿ ಪಟ್ಟು ಹಿಡಿದರು. ಅವರ ಮಾತು ಸರಿಯಾಗಿತ್ತು. ದಪ್ಪ ಚಾನೆಲ್ ಎರಡು ತುಂಡು ತಂದು, ಕೆಳಗಡೆ ಚಾಸಿಯ ಹಳೆಯ ತೂತುಗಳಿಗೂ ಮೇಲ್ಗಡೆ ಇಂಜಿನಿನ ತೂತುಗಳಿಗೂ ಹೊಂದಿಸಿದರು. ಮೇಲಿನ ತೂತುಗಳನ್ನು ಉದ್ದಕ್ಕೆ ಸೀಳಿದ್ದರಿಂದ ಇಂಜಿನನ್ನು ಹಿಂದೆ ಮುಂದೆ ಸರಿಸಿ ಬೆಲ್ಟು ಬಿಗಿಮಾಡಲು ಅನುಕೂಲವಾಯಿತು. ಎರಡು ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ನೋಡಿದಾಗ ನಾಲ್ಕು ಕಡೆಯೂ ತಾಗಬೇಕು. ನಮ್ಮದು ಮೊದಲ ಸಲ ಕಾಲಂಗುಲ ಓರೆಯಿತ್ತು. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು. ಇಲ್ಲಿ ಆತುರಪಟ್ಟವರು ತಿಂಗಳಿಗೊಂದು ಬೆಲ್ಟಿನ ಜೊತೆ ಕೊಳ್ಳುತ್ತಾರೆ.

ಇನ್ನು ನನ್ನ ತಪ್ಪಿನ ವಿಷಯ. ಬೆಲ್ಟು ಹೊಂದುತ್ತದೆಂದು ಹಳೆಯ ಇಂಜಿನಿನ 150 ಮಿ.ಮೀ. ಪುಲ್ಲಿಯನ್ನೇ ತೂತು ಹೊಂದಿಸಿ ಹೊಸ ಇಂಜಿನಿಗೆ ಹಾಕಿಸಿದೆ. ಸುತ್ತು ಹೆಚ್ಚಲ್ಲವೇ ಎಂದು ಮೇಸ್ತ್ರಿ ಕೇಳಿದರು. ಆಕ್ಸಿಲರೇಟರ್ ಕಡಿಮೆ ಇಟ್ಟು ಓಡಿಸಿದರಾಯಿತು ಎಂದುಬಿಟ್ಟೆ. 2000ದ ಜಾಗದಲ್ಲಿ 2400 ಸುತ್ತು ಎಂದರೆ ಗಾಡಿ ಐದರಲ್ಲೊಂದು ಪಾಲು ಹೆಚ್ಚು ವೇಗ. ಮೇಲಿನ ಗೇರಿನಲ್ಲಿ ಗಂಟೆಗೆ 15 ಕಿ.ಮೀ. ಹೋಗುತ್ತಿದ್ದದ್ದು 18 ಆಗುತ್ತದೆ. ಕಾಗದದ ಮೇಲೆ ಇದು ದೊಡ್ಡದಾಗಿ ಕಾಣುವುದಿಲ್ಲ.

ಮೂರನೆಯ ದಿನ ನಮ್ಮ ಟಿಲ್ಲರ್ ಓಡಿಸುವ ಹುಡುಗ ಮೇಲಿನ ತೋಟದಿಂದ ಗೊನೆ ತುಂಬಿಕೊಂಡು ಕಣಕ್ಕೆ ಇಳಿಯುತ್ತಿದ್ದ. ಟಿಲ್ಲರಿನ ತಿರುವಿನ ಗುಣ ಓಡಿಸುವವರಿಗೆಲ್ಲ ಗೊತ್ತು: ಸಮತಟ್ಟಿನಲ್ಲಿ ಎಡಗೈಯ ಹಿಡಿ ಒತ್ತಿದರೆ ಎಡಗಾಲಿಯ ಬಲ ತಪ್ಪಿ ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಟ್ರೇಲರು ನೂಕುವಾಗ ಅದೇ ಹಿಡಿ ಒತ್ತಿದರೆ, ಬಿಡುಗಡೆಯಾದ ಎಡಗಾಲಿ ಮುಂದಕ್ಕೆ ಓಡಿ ಗಾಡಿ ಬಲಕ್ಕೆ ಹೋಗುತ್ತದೆ. ಹುಡುಗನಿಗೂ ಇದು ಗೊತ್ತಿತ್ತು. ಆದರೆ ಎಷ್ಟೋ ವರ್ಷ ಒಂದೇ ವೇಗಕ್ಕೆ ಪಳಗಿದ ಕೈ. ಯಾವ ತಿರುವಿನವರೆಗೆ ಇಂಜಿನು ಎಳೆಯುತ್ತದೆ, ಎಲ್ಲಿಂದ ಟ್ರೇಲರು ನೂಕುತ್ತದೆ ಎಂಬ ಅಂದಾಜು ಆ ವೇಗದ ಮೇಲೆ ನಿಂತಿತ್ತು. ಹೊಸ ವೇಗಕ್ಕೆ ಗಾಬರಿಯಾಗಿ ಆಕ್ಸಿಲರೇಟರ್ ಪೂರ್ತಿ ಇಳಿಸಿ, ತಿರುವಿನಲ್ಲಿ ಅಭ್ಯಾಸಬಲದಿಂದ ಎಡಹಿಡಿ ಒತ್ತಿದ. ಗಾಡಿ ಬಲಗಡೆಯ ಅಗಳಿಗೆ ಇಳಿಯಿತು. ಹ್ಯಾಂಡಲು ಪಕ್ಕೆಗೆ ಬಡಿದು ಎರಡು ವಾರ ಮಲಗಿದ. ಅಷ್ಟಕ್ಕೇ ಮುಗಿದದ್ದು ಅವನ ಪುಣ್ಯ. ನನ್ನ ಜಾಣತನವೇನೂ ಅಲ್ಲ. ಅವನ ತಾಯಿ ಬಂದು, "ಅಯ್ಯಾ, ಗಾಡಿ ಸರಿಯಾಯ್ತು ಅಂದಿದ್ರಲ್ಲ" ಎಂದು ಕೇಳಿದಾಗ ಕೊಡಲು ಉತ್ತರವಿರಲಿಲ್ಲ.

ಪುಲ್ಲಿಯ ಲೆಕ್ಕ ಬಹಳ ಸುಲಭ. ಹಳೆಯ ಸುತ್ತನ್ನು ಹಳೆಯ ಪುಲ್ಲಿಯ ಅಡ್ಡಳತೆಯಿಂದ ಗುಣಿಸಿ, ಹೊಸ ಸುತ್ತಿನಿಂದ ಭಾಗಿಸಬೇಕು. 2000 ಗುಣಿಸು 150, ಭಾಗಿಸು 2400. ಉತ್ತರ 125 ಮಿ.ಮೀ. ಬೆಲ್ಟು ಕೂರುವ ಮಟ್ಟದ ಅಳತೆ ಇದು, ಅಂಚಿನದಲ್ಲ. ಬಿ ನಮೂನೆಯ ಬೆಲ್ಟಿಗೆ ಇದಕ್ಕಿಂತ ಸಣ್ಣ ಪುಲ್ಲಿ ಹಾಕಬಾರದು, ಬೆಲ್ಟು ಬಾಗಲಾರದೆ ಸೀಳುತ್ತದೆ. ಲೆಕ್ಕ 125ಕ್ಕಿಂತ ಕೆಳಗೆ ಬಂದರೆ ಕ್ಲಚ್ಚಿನ ಪುಲ್ಲಿಯನ್ನು ದೊಡ್ಡದು ಮಾಡಿಸಬೇಕು, ಇಲ್ಲವೇ ಬೇರೆ ಇಂಜಿನು ನೋಡಬೇಕು. ಎರಕದ ಪುಲ್ಲಿಯನ್ನೇ ಲೇತಿನಲ್ಲಿ ತಿರುಗಿಸಿ ಮಾಡಿಸಿ. ತಗಡು ಬೆಸೆದ ಪುಲ್ಲಿ ಬೇಡ. ಔಷಧಿ ಪಂಪನ್ನೂ ಇದೇ ಇಂಜಿನಿನಿಂದ ಓಡಿಸುವವರು ಅದರ ಪುಲ್ಲಿಯ ಲೆಕ್ಕವನ್ನು ಬೇರೆಯಾಗಿ ಮಾಡಬೇಕಾಗುತ್ತದೆ. ಗವರ್ನರಿನ ಸೀಲು ಮಾಡಿದ ತಿರುಪನ್ನು ಯಾರು ಹೇಳಿದರೂ ಮುಟ್ಟಬೇಡಿ.

ಶಕ್ತಿಯ ವಿಷಯದಲ್ಲೂ ಆಸೆ ಕೂಡದು. ಹನ್ನೆರಡರ ಜಾಗಕ್ಕೆ ಹದಿಮೂರು ನಡೆಯುತ್ತದೆ. ಎಂಟರ ಗಾಡಿಗೆ ಹದಿಮೂರು ಕೂರಿಸಿದರೆ ಕ್ಲಚ್ ಪ್ಲೇಟು ಮೊದಲು, ರೋಟರಿಯ ಚೈನು ಆಮೇಲೆ ಸೋಲುತ್ತದೆ.

ತೂಕ ಹೆಚ್ಚುಕಡಿಮೆಯಾದರೆ ಅದನ್ನು ಕೈಗಳೇ ಹೇಳುತ್ತವೆ. ಇಂಜಿನು ಭಾರವಾದರೆ ಮೂಗು ಕುಸಿದು ರೋಟರಿ ಮೇಲೇಳುತ್ತದೆ. ಹಗುರವಾದರೆ ಹ್ಯಾಂಡಲು ಕೈಗೆ ಭಾರ. ಎರಡನೆಯದಕ್ಕೆ ಮುಂದುಗಡೆ ಕಬ್ಬಿಣದ ತುಂಡು ಕಟ್ಟಿ ಸರಿಮಾಡಬಹುದು. ಸೈಲೆನ್ಸರಿನ ಮುಖವನ್ನೂ ನೋಡಿಕೊಳ್ಳಿ. ನಮ್ಮದು ಬದಿಗೆ ತಿರುಗಿ, ಕಾಫಿ ಗಿಡಗಳ ಕೆಳರೆಕ್ಕೆಗಳ ಎಲೆ ಸಾಲಾಗಿ ಬೆಂದಿದ್ದನ್ನು ನೋಡಿ ರೋಗ ಬಂತೆಂದು ಎರಡು ದಿನ ಚಿಂತೆ ಮಾಡಿದ್ದೆ!

125ರ ಪುಲ್ಲಿ ಹಾಕಿದ ಮೇಲೆ ಸಣ್ಣ ಅಳತೆಯ ಬೆಲ್ಟು ತಂದೆವು. ಅರ್ಧ ಗಂಟೆ ಬರಿದೇ ಓಡಿಸಿ, ನಿಲ್ಲಿಸಿ, ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದೆವು. ಪ್ರತಿಯೊಂದೂ ಕಾಲು ಸುತ್ತು ತೆಗೆದುಕೊಂಡಿತು. ಆಮೇಲೆ ಖಾಲಿ ಟ್ರೇಲರು ಕಟ್ಟಿ ಏರು ಹತ್ತಿಸಿ, ಅದೇ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಸಿದೆವು. ಮರುದಿನ ಅರ್ಧ ಹೊರೆ, ಅದರ ಮರುದಿನ ಪೂರ್ತಿ. ಟ್ರೇಲರಿನ ಬ್ರೇಕು ಸವೆದಿದ್ದುದು ಆಗ ತಿಳಿದು ಅದನ್ನೂ ಹೊಸದು ಮಾಡಿಸಿದೆ. ಮೊದಲ ದಿನಗಳಲ್ಲಿ ಹ್ಯಾಂಡಲು ಹಿಡಿದವನು ನಾನೇ. ಹುಡುಗ ಮತ್ತೆ ಗಾಡಿ ಹತ್ತುವ ಮೊದಲು ಪುಲ್ಲಿಯನ್ನು ತಾನೇ ಅಳೆದು ನೋಡಿದ. ಆ ಅಳತೆಯನ್ನೂ ಬೆಲ್ಟಿನ ನಂಬರನ್ನೂ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದಿಟ್ಟವನೂ ಅವನೇ.