ಮೊದಲು ಗೂಡು, ಆಮೇಲೆ ಮರಿ

ಕೋಳಿ ಮರಿ, ಆಡಿನ ಮರಿ, ಕರುಗಳನ್ನು ನಾಯಿ, ಬೆಕ್ಕು, ಹದ್ದು, ಮುಂಗುಸಿಗಳಿಂದ ಕಾಪಾಡುವ ಬಗೆ



ಸಂಘದ ವಾರದ ಸಭೆಯಲ್ಲಿ ಇಂಥ ಮಾತು ನಾವೆಲ್ಲರೂ ಕೇಳಿದ್ದೇವೆ. "ನಮ್ಮ ಕೋಳಿ ಹತ್ತು ಮರಿ ಮಾಡಿತ್ತು ಅಕ್ಕಾ. ಎರಡು ಹದ್ದು ಒಯ್ತು, ಮೂರು ಬೆಕ್ಕು ತಿಂತು, ಉಳಿದದ್ದು ಎಲ್ಲಿ ಹೋದ್ವೋ ಗೊತ್ತಿಲ್ಲ. ಈಗ ಎರಡೇ ಉಳಿದಾವ. ಏನ್ ಮಾಡೋದು, ನಮ್ಮ ಹಣೆಬರಾನೇ ಇಷ್ಟು."

ಇದು ಹಣೆಬರಹ ಅಲ್ಲ. ಬೆಕ್ಕು ಬಂದದ್ದು ಒಂದು ಸಂದಿಯಿಂದ, ನಾಯಿ ಬಂದದ್ದು ಚಿಲಕ ಇಲ್ಲದ ಬಾಗಿಲಿನಿಂದ, ಹದ್ದು ಬಂದದ್ದು ನೆರಳಿಲ್ಲದ ಬಯಲಿಗೆ. ಆ ದಾರಿ ಮುಚ್ಚುವುದು ನಮ್ಮ ಕೈಯಲ್ಲೇ ಇದೆ.

ಮರಿ ಹೋದರೂ ಕಂತು ಹೋಗುವುದಿಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಊರುಗಳಲ್ಲಿ ಸಂಘದ ಸಾಲದಿಂದ ಆಡು, ಕೋಳಿ, ಆಕಳು ತರುವ ಸಹೋದರಿಯರು ಬಹಳ. ಒಬ್ಬ ಸದಸ್ಯೆ ಉಸ್ಮಾನಾಬಾದಿ ಆಡು ತಂದಳು ಎಂದು ಇಟ್ಟುಕೊಳ್ಳೋಣ. ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ), ಲಾತೂರ್ ಮತ್ತು ನಮ್ಮ ಬೀದರ್ ಸೀಮೆಯ ಈ ಕರಿ ಆಡು ಅವಳಿ ಮರಿ ಹಾಕುವುದಕ್ಕೆ ಹೆಸರಾದದ್ದು. ಎರಡು ಮರಿ ಬೆಳೆಸಿ ಮಾರಿದರೆ ಸಾಲದ ದೊಡ್ಡ ಪಾಲು ತೀರುತ್ತದೆ ಎಂಬುದು ಆಕೆಯ ಲೆಕ್ಕ.

ಮರಿ ಹದಿನೈದು ದಿನದ್ದಿರುವಾಗ ಒಂದು ರಾತ್ರಿ ನಾಯಿ ಹಿಂಡು ನುಗ್ಗಿತು. ಬೆಳಗಾಗುವುದರೊಳಗೆ ಎರಡೂ ಮರಿ ಸತ್ತು ಬಿದ್ದಿವೆ. ಆದರೆ ಮುಂದಿನ ವಾರ ಕಂತು ಕಟ್ಟಲೇಬೇಕು. ಮನೆಯಲ್ಲಿ "ಯಾರು ಹೇಳಿದ್ರು ನಿನಗ ಸಾಲ ಮಾಡು ಅಂತ?" ಎಂಬ ಮಾತು ಬೇರೆ. ಆದ್ದರಿಂದ ಆಡಿನ ಸಾಲ ಕೇಳುವಾಗಲೇ ಗೂಡಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೊದಲು ಗೂಡು, ಆಮೇಲೆ ಮರಿ.

ಕಳ್ಳ ಯಾರು? ಗುರುತು ಹಿಡಿಯಿರಿ

ಎಲ್ಲದಕ್ಕೂ ಬೆಕ್ಕಿನ ಹೆಸರು ಹೇಳಬಾರದು. ಕಳ್ಳ ಯಾರೆಂದು ಗೊತ್ತಾಗದೆ ದಾರಿ ಮುಚ್ಚಲು ಬರುವುದಿಲ್ಲ. ಪ್ರತಿ ಪ್ರಾಣಿಯೂ ತನ್ನ ಗುರುತು ಬಿಟ್ಟು ಹೋಗುತ್ತದೆ.

* ಹದ್ದು, ಗಿಡುಗ, ಕಾಗೆ: ಹಗಲು ಹೊತ್ತಿನ ಕಳ್ಳರು. ಒಂದೊಂದೇ ಮರಿ ಮಾಯವಾಗುತ್ತದೆ, ರಕ್ತ, ಪುಕ್ಕ ಏನೂ ಇರುವುದಿಲ್ಲ. ತಾಯಿ ಕೋಳಿ ಒಮ್ಮೆಲೇ ಕಿರುಚಿ ಮರಿಗಳನ್ನು ರೆಕ್ಕೆಯೊಳಗೆ ಕರೆಯುತ್ತದೆ.
* ಬೆಕ್ಕು, ಕಾಡುಬೆಕ್ಕು: ಹೆಚ್ಚಾಗಿ ರಾತ್ರಿ. ಒಂದೋ ಎರಡೋ ಮರಿ ಎತ್ತಿಕೊಂಡು ಹೋಗುತ್ತವೆ. ಗೋಡೆ ಮೂಲೆಯಲ್ಲಿ, ಬಣವೆ ಹಿಂದೆ ಪುಕ್ಕ ಸಿಗುತ್ತದೆ.
* ಮುಂಗುಸಿ: ಹಗಲಲ್ಲೇ ಬರುತ್ತದೆ. ಸಣ್ಣ ಸಂದಿಯಲ್ಲಿ ನುಸುಳುತ್ತದೆ. ಕತ್ತು, ತಲೆ ಕಚ್ಚಿ ಒಂದೇ ಸಲಕ್ಕೆ ಹಲವು ಮರಿ ಕೊಲ್ಲಬಹುದು. ಮೊಟ್ಟೆ ಒಡೆದು ಕುಡಿಯುತ್ತದೆ, ಚಿಪ್ಪು ಅಲ್ಲೇ ಬಿದ್ದಿರುತ್ತದೆ.
* ಹಾವು: ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ, ಚಿಪ್ಪು ಸಿಗುವುದಿಲ್ಲ. ನುಂಗಲಾರದೆ ಬಿಟ್ಟ ಮರಿಯ ತಲೆ, ಕತ್ತು ಒದ್ದೆಯಾಗಿರುತ್ತದೆ.
* ಇಲಿ, ಹೆಗ್ಗಣ: ಎಳೆ ಮರಿಯನ್ನು ಬಿಲಕ್ಕೆ ಎಳೆಯುತ್ತವೆ. ಮರಿಯ ಕಾಲು ಕಡಿದಿದ್ದರೆ, ಗೂಡಿನ ಬುಡದಲ್ಲಿ ಹೊಸ ಮಣ್ಣು ಬಿದ್ದಿದ್ದರೆ ಇವುಗಳದೇ ಕೆಲಸ.
* ನಾಯಿ: ಹಸಿವಿಗಿಂತ ಹೆಚ್ಚು ಕೊಲ್ಲುತ್ತದೆ. ಹಲವು ಕೋಳಿ ಸತ್ತು ಬಿದ್ದಿರುತ್ತವೆ, ತಿಂದಿರುವುದಿಲ್ಲ. ಆಡಿನ ಹಿಂಗಾಲು, ತೊಡೆ, ಬಾಲ, ಕಿವಿ ಹರಿದಿರುತ್ತವೆ.
* ನರಿ: ರಾತ್ರಿ ಮತ್ತು ನಸುಕಿನಲ್ಲಿ ಊರಂಚಿಗೆ ಬರುತ್ತದೆ. ಕೋಳಿ ಮತ್ತು ಆಗ ತಾನೇ ಹುಟ್ಟಿದ ಆಡಿನ ಮರಿಯ ಮೇಲೆ ಕಣ್ಣು.
* ತೋಳ: ನಮ್ಮ ಒಣ ಬಯಲಿನ, ಕುರುಚಲು ಗುಡ್ಡದ ಪ್ರಾಣಿ. ಹೆಚ್ಚಾಗಿ ಮೇಯುವ ಜಾಗದಲ್ಲಿ, ಮುಚ್ಚಂಜೆ ಹೊತ್ತಿಗೆ, ಹಿಂಡಿನಿಂದ ಹಿಂದೆ ಬಿದ್ದ ಮರಿಯ ಗಂಟಲು ಹಿಡಿದು ಒಯ್ಯುತ್ತದೆ.

ಖರ್ಚಿಲ್ಲದ ಒಂದು ಉಪಾಯ ಇದೆ. ರಾತ್ರಿ ಗೂಡಿನ ಸುತ್ತ ಬೂದಿ ಅಥವಾ ನುಣ್ಣನೆ ಮಣ್ಣು ಉದುರಿಸಿ. ಬೆಳಿಗ್ಗೆ ಹೆಜ್ಜೆ ನೋಡಿ. ನಾಯಿ ಹೆಜ್ಜೆಯಲ್ಲಿ ಉಗುರಿನ ಗುರುತು ಕಾಣುತ್ತದೆ, ಬೆಕ್ಕಿನದರಲ್ಲಿ ಕಾಣುವುದಿಲ್ಲ. ಹಾವು ಹರಿದಿದ್ದರೆ ಗೆರೆ ಬಿದ್ದಿರುತ್ತದೆ.

ಇನ್ನೊಂದು ಮಾತು. ಮೈಮೇಲೆ ಗಾಯವೇ ಇಲ್ಲದೆ, ಜೋಲು ಬಿದ್ದು, ಹಸಿರು ಭೇದಿ ಮಾಡಿ ಸತ್ತರೆ ಅದು ರೋಗ, ಬೆಕ್ಕಲ್ಲ. ಪಶು ದವಾಖಾನೆಗೆ ಹೋಗಿ ಲಸಿಕೆ ಕೇಳಿ.

ಕೋಳಿ ಮರಿ: ಮೊದಲ ಆರು ವಾರ

ಕೋಳಿ 21 ದಿನ ಕಾವು ಕೂತು ಮರಿ ಮಾಡುತ್ತದೆ. ಆಮೇಲಿನ ಆರು ವಾರ ಬಹಳ ನಾಜೂಕು. ಆಗ ಮರಿಗೆ ಹಾರಲು ಬರುವುದಿಲ್ಲ, ಓಡಿದರೂ ದೂರ ಹೋಗಲಾರದು. ಈ ಆರು ವಾರ ಕಾದರೆ ಅರ್ಧ ಗೆದ್ದಂತೆ.

1. ಬುಟ್ಟಿ: ತೊಗರಿ ಕಟ್ಟಿಗೆಯ ಬುಟ್ಟಿ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಮೊದಲ ವಾರಗಳಲ್ಲಿ ತಾಯಿ, ಮರಿಗಳನ್ನು ಹಗಲು ದೊಡ್ಡ ಬುಟ್ಟಿಯ ಕೆಳಗೆ ನೆರಳಲ್ಲಿ ಇಟ್ಟು ಮೇಲೆ ಕಲ್ಲು ಹೇರಿ. ಗಾಳಿ ಆಡಬೇಕು, ನೀರು ಇರಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಬುಟ್ಟಿ ಹಾಗೇ ಬಿಟ್ಟರೆ ಮರಿ ಕಾದು ಸಾಯುತ್ತವೆ. ರಾತ್ರಿ ಬುಟ್ಟಿ ಸಾಲದು, ಗೂಡಿಗೇ ಹಾಕಬೇಕು.

2. ತಲೆ ಮೇಲೆ ಮರೆ: ಹದ್ದಿಗೆ ಬಯಲು ಬೇಕು. ಮರಿ ಆಡುವ ಜಾಗಕ್ಕೆ ನಾಲ್ಕು ಗೂಟ ನೆಟ್ಟು ಹಳೆ ಸೀರೆ ಕಟ್ಟಿ. ಹಂದರ ಹಾಕಿ ಹೀರೆ, ಅವರೆ ಬಳ್ಳಿ ಹಬ್ಬಿಸಿದರೆ ಕಾಯಿಪಲ್ಲೆಯೂ ಆಯಿತು, ಮರಿಗೆ ಮರೆಯೂ ಆಯಿತು.

3. ಗೂಡು: ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ನಾಲ್ಕು ಕಾಲಿನ ಮೇಲೆ ಇರಲಿ. ಕಾಲಿಗೆ ನುಣುಪಾದ ತಗಡು ಸುತ್ತಿದರೆ ಇಲಿ ಹತ್ತುವುದು ಕಷ್ಟ. ಗೋಡೆಗೆ ಒತ್ತಿ ಇಡಬೇಡಿ. ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿದರೆ ಬೇಸಿಗೆಯಲ್ಲಿ ತಂಪು.

4. ಜಾಳಿಗೆ: ಪೇಟೆಯಲ್ಲಿ ಸಿಗುವ ದೊಡ್ಡ ಕಣ್ಣಿನ ಕೋಳಿ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ಕಳ್ಳನನ್ನು ಹೊರಗಿಡುವುದಿಲ್ಲ. ಇಲಿ ನುಸುಳುತ್ತದೆ, ಬೆಕ್ಕು ಪಂಜ ಹಾಕಿ ಎಳೆಯುತ್ತದೆ. ಕೆಳಗಿನ ಎರಡು ಅಡಿಗಾದರೂ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಳಿಗೆ ಹಾಕಿ.

5. ಬುಡ: ಗೂಡು ನೆಲದ ಮೇಲೇ ಇದ್ದರೆ ಶಹಾಬಾದಿ ಫರಸಿ ಹಾಸಿ. ನಮ್ಮ ಕೆಂಪು ಕಲ್ಲಿನ ನೆಲದಲ್ಲಿ ಜಾಳಿಗೆ ಹೂಳಲು ಅಗೆಯುವುದು ಕಷ್ಟ. ಅದರ ಬದಲು ಜಾಳಿಗೆಯನ್ನು ಹೊರಗೆ ಒಂದು ಅಡಿ ಮಡಚಿ ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿ. ನಾಯಿ, ಮುಂಗುಸಿ ಗೋಡೆ ಬುಡದಲ್ಲೇ ಕೆರೆಯುತ್ತವೆ. ಕೆರೆದಲ್ಲಿ ಜಾಳಿಗೆ ಸಿಕ್ಕರೆ ಸೋತು ಹೋಗುತ್ತವೆ.

6. ಚಿಲಕ: ಎಷ್ಟು ಒಳ್ಳೆ ಗೂಡಿದ್ದರೂ ಬಾಗಿಲು ತೆರೆದಿದ್ದರೆ ವ್ಯರ್ಥ. ಹೊತ್ತು ಮುಳುಗುವ ಮುಂಚೆ ಮರಿ ಎಣಿಸಿ, ಚಿಲಕ ಹಾಕಿ. ದೀಪ ಹಚ್ಚುವ ಹಾಗೆ ಇದೂ ದಿನದ ರೂಢಿಯಾಗಲಿ. ನೀವು ಕೂಲಿಗೆ ಹೋಗಿ ತಡವಾದರೆ ಯಾರು ಮುಚ್ಚಬೇಕು ಎಂದು ಮನೆಯಲ್ಲಿ ಮೊದಲೇ ಹೇಳಿಡಿ.

7. ಇಲಿ: ಚೆಲ್ಲಿದ ಕಾಳು ರಾತ್ರಿ ಬಿಡಬೇಡಿ. ಕಾಳಿಗೆ ಇಲಿ, ಇಲಿಗೆ ಹಾವು. ಕಟ್ಟಿಗೆ ರಾಶಿ, ಬಣವೆ ಗೂಡಿನಿಂದ ದೂರ ಇರಲಿ.

ತಳಿಯ ಬಗ್ಗೆಯೂ ಒಂದು ಮಾತು. ಗಿರಿರಾಜ ಕೋಳಿ ಮೈಭಾರದ್ದು, ಓಡಿ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಸ್ವರ್ಣಧಾರಾ ಕೋಳಿ ಅದಕ್ಕಿಂತ ಹಗುರ, ಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ಜವಾರಿ ಕೋಳಿ ಮರಿಯ ಜೊತೆ ತಾಯಿ ಇರುತ್ತದೆ. ಪೇಟೆಯಿಂದ ತಂದ ಮರಿಗೆ ತಾಯಿಯಿಲ್ಲ, ಅದಕ್ಕೆ ನೀವೇ ತಾಯಿ.

ಆಡಿನ ಮರಿ ಮತ್ತು ಕರು

ದಿನ ತುಂಬಿದ ಆಡನ್ನು ಅಡವಿಗೆ ಹೊಡೆಯಬೇಡಿ. ಅಲ್ಲಿ ಈದರೆ ಮರಿಯನ್ನು ಕಾಯುವವರು ಯಾರು? ಮನೆಯಲ್ಲಿ ಈದಾಗ ಮಾಸನ್ನು ತಿಪ್ಪೆಗೆ ಎಸೆಯಬಾರದು. ಆ ವಾಸನೆಯೇ ನಾಯಿಗೆ ಕರೆ ಕಳಿಸಿದಂತೆ. ಆಳವಾಗಿ ಗುಂಡಿ ತೋಡಿ ಹೂಳಬೇಕು, ಒದ್ದೆಯಾದ ಹುಲ್ಲು ತೆಗೆದು ಜಾಗ ಒಣಗಿಸಬೇಕು.

ಮೊದಲ ತಿಂಗಳು ತಾಯಿ ಮೇಯಲು ಹೋದಾಗ ಮರಿ ಮನೆಯಲ್ಲೇ, ಮೇಲೆ ಮುಚ್ಚಿದ ಗೂಡಿನಲ್ಲಿರಲಿ. ಹೊಲಗಳಲ್ಲಿ ಕುರಿ ಹಟ್ಟಿ ಹಾಕುವ ಕುರುಬರನ್ನು ನೋಡಿದ್ದೀರಲ್ಲ? ಅವರು ಎಳೆ ಮರಿಗಳನ್ನು ಬುಟ್ಟಿ, ಬಲೆಯೊಳಗೆ ಬೇರೆ ಮಾಡಿ ಇಡುತ್ತಾರೆ, ಹಟ್ಟಿಯ ಸುತ್ತ ನಾಯಿ ಕಾಯುತ್ತದೆ. ಅವರಿಂದ ನಾವು ಕಲಿಯುವುದು ಬಹಳ ಇದೆ.

ರಾತ್ರಿ ದೊಡ್ಡಿಯ ಗೋಡೆ ಐದಾರು ಅಡಿ ಇರಲಿ, ಮೇಲೆ ಜಾಲಿ ಮುಳ್ಳು ಹೇರಿ. ಬಾಗಿಲಿನ ಕೆಳಗೆ ನಾಯಿ ತಲೆ ತೂರುವಷ್ಟು ಸಂದಿ ಇದ್ದರೆ ಫರಸಿ ಕೂಡಿಸಿ. ಮುಚ್ಚಂಜೆಗೆ ಮುಂಚೆ ಹಿಂಡು ಮನೆ ಸೇರಲಿ. ಹಿಂದೆ ಬೀಳುವ ಕುಂಟು ಮರಿಯನ್ನು ಅಡವಿಗೆ ಒಯ್ಯಬೇಡಿ. ಎಳೆತನದಿಂದ ಮರಿಗಳ ಜೊತೆ ಬೆಳೆದ ಒಂದು ನಾಯಿ ಒಳ್ಳೆಯ ಕಾವಲು. ಅದಕ್ಕೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ.

ದೇವಣಿ ಆಕಳು ತನ್ನ ಕರುವನ್ನು ಕಾಯಬಲ್ಲದು. ಆದರೆ ತಾಯಿಯನ್ನು ಗೂಟಕ್ಕೆ ಕಟ್ಟಿ ಕರುವನ್ನು ಅಂಗಳದಲ್ಲಿ ಬಿಟ್ಟರೆ ಅದಾದರೂ ಏನು ಮಾಡೀತು? ಎಳೆಗರು ಕೊಟ್ಟಿಗೆಯ ಒಳಗೇ ಇರಲಿ.

ನಾಯಿ ಹಿಂಡು: ಒಬ್ಬರ ಕೆಲಸ ಅಲ್ಲ

ತೋಳದ ಕಥೆ ಹೆಚ್ಚು ಹೇಳುತ್ತೇವೆ, ಆದರೆ ಮನೆ ಬಾಗಿಲಿಗೇ ಬರುವುದು ನಾಯಿ. ಸತ್ತ ದನ, ಕೋಳಿ ಅಂಗಡಿಯ ಕಸ ಊರಂಚಿಗೆ ಎಸೆದಲ್ಲಿ ನಾಯಿ ಹಿಂಡು ಬೆಳೆಯುತ್ತದೆ. ಮಾಂಸದ ರುಚಿ ಹತ್ತಿದ ಹಿಂಡು ಆಮೇಲೆ ದೊಡ್ಡಿಗೆ ಬರುತ್ತದೆ. ಸತ್ತ ಪ್ರಾಣಿಯನ್ನು ಆಳವಾಗಿ ಸುಣ್ಣ ಹಾಕಿ ಹೂಳುವುದು, ಕಸದ ಬಗ್ಗೆ ಮತ್ತು ನಾಯಿಗಳ ಸಂತಾನಹರಣ, ಲಸಿಕೆಯ ಬಗ್ಗೆ ಗ್ರಾಮ ಪಂಚಾಯಿತಿಗೆ ಸಂಘದ ಹೆಸರಿನಲ್ಲಿ ಅರ್ಜಿ ಕೊಡುವುದು ನಮ್ಮ ಕೆಲಸ. ಒಬ್ಬಳು ಹೇಳಿದರೆ ಕೇಳದವರು ಇಪ್ಪತ್ತು ಮಂದಿ ಕೂಡಿ ಹೋದರೆ ಕೇಳುತ್ತಾರೆ.

ವಿಷ ಬೇಡ, ಕರೆಂಟ್ ತಂತಿ ಬೇಡ

ಸಿಟ್ಟಿನಲ್ಲಿ ಸತ್ತ ಮರಿಗೆ ಔಷಧಿ ಸವರಿ ಇಡುವವರಿದ್ದಾರೆ. ಅದನ್ನು ನಿಮ್ಮ ಕೋಳಿ, ಪಕ್ಕದ ಮನೆಯ ನಾಯಿ ತಿನ್ನಬಹುದು, ಮಕ್ಕಳ ಕೈಗೂ ಹತ್ತಬಹುದು. ಬೇಲಿಗೆ ಕರೆಂಟ್ ಬಿಟ್ಟರೆ ಮನುಷ್ಯರೇ ಸಾಯುತ್ತಾರೆ. ತೋಳ, ನರಿ, ಮುಂಗುಸಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಲಿ ತಿಂದು ಹೊಲ ಕಾಯುವವೂ ಇವೇ. ಅವು ಅಡವಿಯಲ್ಲಿರಲಿ, ನಮ್ಮ ಮರಿ ಗೂಡಿನಲ್ಲಿರಲಿ.

ಅನಾಹುತ ಆದರೆ ಏನು ಮಾಡಬೇಕು?

* ನಾಯಿ, ನರಿ, ತೋಳ, ಬೆಕ್ಕು, ಮುಂಗುಸಿ ನಿಮ್ಮನ್ನು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಹುಚ್ಚುನಾಯಿ ರೋಗ ಎದ್ದ ಮೇಲೆ ಬದುಕಿಸುವ ಮದ್ದಿಲ್ಲ.
* ಕಚ್ಚಿಸಿಕೊಂಡ ಆಡು, ಆಕಳಿನ ಗಾಯವನ್ನೂ ಹೀಗೇ ತೊಳೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ. ಪಶು ವೈದ್ಯರಿಗೆ ತೋರಿಸಿ ಲಸಿಕೆ ಕೊಡಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು.
* ತೋಳದಂಥ ಕಾಡುಪ್ರಾಣಿ ಆಡು, ಕರು ಕೊಂದರೆ ಸತ್ತ ಪ್ರಾಣಿಯನ್ನು ಕದಲಿಸಬೇಡಿ, ಹೂಳಬೇಡಿ. ಫೋಟೋ ತೆಗೆದಿಡಿ. ತಡ ಮಾಡದೆ ಅರಣ್ಯ ಇಲಾಖೆಗೆ ತಿಳಿಸಿ (ಸಹಾಯವಾಣಿ 1926). ಪಶು ವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ಪತ್ರ ಪಡೆದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಊರ ನಾಯಿ ಕೊಂದದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವುದಿಲ್ಲ.
* ಆಡು, ಕುರಿ, ದನ ಆಕಸ್ಮಿಕವಾಗಿ ಸತ್ತರೆ ಪಶುಸಂಗೋಪನಾ ಇಲಾಖೆಯ ಅನುಗ್ರಹ ಯೋಜನೆ ಇದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಆಡು, ಕುರಿಗೆ 7,500 ರೂಪಾಯಿ, ಮೂರರಿಂದ ಆರು ತಿಂಗಳ ಮರಿಗೆ 5,000 ರೂಪಾಯಿ ಎಂದು ಹೆಚ್ಚಿಸಲಾಯಿತು. ಮೂರು ತಿಂಗಳೊಳಗಿನ ಮರಿ ಈ ಲೆಕ್ಕದಲ್ಲಿಲ್ಲ. ಅಂದರೆ ಹೆಚ್ಚು ಅಪಾಯದಲ್ಲಿರುವ ಎಳೆ ಮರಿಗೆ ನಿಮ್ಮ ಗೂಡೇ ವಿಮೆ. ಯಾವ ಕಾಗದ ಬೇಕೆಂದು ನಿಮ್ಮ ಪಶು ದವಾಖಾನೆಯಲ್ಲಿ ಈಗಲೇ ಕೇಳಿಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

1. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದ ಸದಸ್ಯರ ಎಷ್ಟು ಮರಿ ಹೋದವು? ಯಾವ ಪ್ರಾಣಿಯಿಂದ, ಯಾವ ಹೊತ್ತಿಗೆ? ಪುಸ್ತಕದಲ್ಲಿ ಬರೆಯಿರಿ.
2. ಆಡು, ಕೋಳಿ ಸಾಲ ಕೊಡುವ ಮುಂಚೆ ಇಬ್ಬರು ಸದಸ್ಯರು ಹೋಗಿ ಗೂಡು ನೋಡಿ ಬರುವ ನಿಯಮ ಮಾಡಬಹುದೇ?
3. ಜಾಳಿಗೆಯನ್ನು ಐದಾರು ಮಂದಿ ಕೂಡಿ ಒಟ್ಟಿಗೆ ತಂದರೆ ಎಷ್ಟು ಉಳಿಯುತ್ತದೆ? ಶೆಡ್ಡಿಗೆ ಸರಕಾರದ ನೆರವು ಇದೆಯೇ ಎಂದು ಪಂಚಾಯಿತಿಯಲ್ಲಿ ಯಾರು ಕೇಳಿ ಬರುತ್ತಾರೆ?

ಸಹೋದರಿಯರೇ, ಇಂದು ಸಂಜೆ ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಗೂಡಿನ ಸುತ್ತ ಒಂದು ಸಲ ತಿರುಗಿ, ಬಗ್ಗಿ ನೋಡಿ. ನಿಮ್ಮ ಮುಷ್ಟಿ ತೂರುವಷ್ಟು ಸಂದಿ ಎಲ್ಲಿ ಕಂಡರೂ ರಾತ್ರಿಯಾಗುವ ಮುಂಚೆ ಕಲ್ಲಿಟ್ಟು ಮುಚ್ಚಿ. ಆಮೇಲೆ ಮರಿ ಎಣಿಸಿ ಚಿಲಕ ಹಾಕಿ. ನಾಳೆ ಬೆಳಿಗ್ಗೆ ಮತ್ತೆ ಎಣಿಸಿ.